ರಜಿಯಾ ಆಪಾ ಬರೆದ ನನ್ನ ತಪ್ಪು

ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ ಬಂದರೆ ನನಗೆ ರಾಷ್ಟ್ರಕೂಟರು ನೆನಪಾಗುತ್ತಾರೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಹುಟ್ಟಿನಿಂದ ಕಣ್ಣಿಲ್ಲದವನ ನೆನಪುಗಳು ಮೂಗಿನಲ್ಲೋ ಕಿವಿಯಲ್ಲೋ ಅಂಗೈಯಲ್ಲೋ ಕೂತಿರುತ್ತವೆ. ನಾನು ಎರಡನೆಯ ಪಿಯುಸಿಯನ್ನು ಎರಡನೆಯ ಸಲ ಕಟ್ಟಿದ ವರ್ಷ ಪೂರ್ತಿಯಾಗಿ ಆ ಎಣ್ಣೆಯ ವಾಸನೆಯೊಳಗಿದೆ. ಮೊನ್ನೆ ಚಿತ್ತಾಪುರದಲ್ಲಿ ಒಂದು ಶಾಲೆಯ ಗೇಟಿನ ಹತ್ತಿರ ಒಬ್ಬರಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ದರ್ಜಿಯ ಅಂಗಡಿ. ಯಾರೋ ಮಷಿನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಇಡದೆ ಸುಮ್ಮನೆ ತುಳಿದು ನೋಡುತ್ತಿದ್ದರು. ಆ ಟಕಟಕ ಕೇಳುತ್ತಿದ್ದ ಹಾಗೆ ನಾನು ವಾಡಿಯ ನಮ್ಮ ಓಣಿಗೆ ಹೋಗಿಬಿಟ್ಟೆ.

ವಾಡಿ ನಮ್ಮ ಊರು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಮೊದಲು ಕಲ್ಲಿನ ಧೂಳಿನ ವಾಸನೆ ಮನೆಯೊಳಗೆ ಬರುತ್ತಿತ್ತು, ಹಿಂದಿನಿಂದ ಅವನು ಬರುತ್ತಿದ್ದ. ಕಾಲೇಜು ಚಿತ್ತಾಪುರದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ವಾಡಿ ಎಂದರೆ ದೊಡ್ಡ ಜಂಕ್ಷನ್, ಯಾವ ಕಡೆಯ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕಣ್ಣಿದ್ದವರೇ ಕಂಗಾಲಾಗುತ್ತಾರೆ. ನನಗೆ ಗಾಡಿಗಳಿಗಿಂತ ಹೆಚ್ಚಿನ ಭಯ ಜನರದ್ದು. ನಮ್ಮ ಭಾಗದ ಜನ ಸಹಾಯ ಮಾಡುವುದರಲ್ಲಿ ಎತ್ತಿದ ಕೈ, ಆ ಎತ್ತಿದ ಕೈಗಳು ಬಂದು ಬೀಳುತ್ತಿದ್ದುದು ನನ್ನ ಮೇಲೆ.

ಕೈ ಹಿಡಿಯುವ ರೀತಿಯಲ್ಲೇ ಮನುಷ್ಯನ ಮನಸ್ಸು ಗೊತ್ತಾಗುತ್ತದೆ ಎಂದರೆ ನಂಬಿ. ಕೆಲವರು ಕಳ್ಳನನ್ನು ಹಿಡಿದಂತೆ ಮುಂಗೈ ಹಿಡಿಯುತ್ತಾರೆ, ಅವರಿಗೆ ನಾನು ಬಿದ್ದುಬಿಟ್ಟೇನೆಂಬ ಗಾಬರಿ. ಕೆಲವರು ನನ್ನ ಕೋಲಿನ ತುದಿ ಹಿಡಿದು ಎಳೆಯುತ್ತಾರೆ, ಮೈ ಮುಟ್ಟಲು ಹಿಂಜರಿಕೆ, ಬಿಟ್ಟು ಹೋಗಲೂ ಮನಸ್ಸಿಲ್ಲ. ಬೆನ್ನಿಗೆ ಕೈ ಇಟ್ಟು ನೂಕುವವರಿಗೆ ತಮ್ಮ ಗಾಡಿಗೆ ಹೊತ್ತಾಗಿರುತ್ತದೆ, ಪುಣ್ಯವೂ ಬೇಕಾಗಿರುತ್ತದೆ. ಇನ್ನು ಕೆಲವರು ಮುಟ್ಟುವುದೇ ಇಲ್ಲ, ನನಗೆ ಕಿವಿಯೂ ಕೇಳುವುದಿಲ್ಲವೆಂದುಕೊಂಡು ಪಕ್ಕದಲ್ಲೇ ನಿಂತು "ಎಡಕ್ಕ! ಬಲಕ್ಕ!" ಎಂದು ಒದರುತ್ತಾರೆ. ನನಗೆ ಬೇಡವಾದ ರಸ್ತೆಗಳನ್ನು ಎಷ್ಟು ದಾಟಿದ್ದೇನೋ ಲೆಕ್ಕವಿಲ್ಲ. ದಾಟಿಸಿದವರು ಖುಷಿಯಿಂದ ಹೋದ ಮೇಲೆ ನಾನು ಕೋಲು ತಟ್ಟುತ್ತ ಹಿಂದಿರುಗಿ ಬರುತ್ತಿದ್ದೆ, ಬಾಯಲ್ಲಿ ಬೈಗುಳ ಇರುತ್ತಿತ್ತು.

ಪಿಯುಸಿ ಮೊದಲ ಸಲ ಫೇಲಾಗಿದ್ದೂ ಇಂಥದೇ ಉಪಕಾರದಿಂದ. ನನ್ನಂಥವರು ಪರೀಕ್ಷೆಯಲ್ಲಿ ಬಾಯಿಂದ ಹೇಳಬೇಕು, ಬರೆಯಲು ಇನ್ನೊಬ್ಬರು ಬೇಕು. ಕಾಲೇಜಿನಲ್ಲಿ ಅವರನ್ನು ಸ್ಕ್ರೈಬ್ ಎನ್ನುತ್ತಿದ್ದರು. ನಮಗಿಂತ ಕಡಿಮೆ ಓದಿದವರೇ ಆಗಬೇಕೆಂಬುದು ನಿಯಮ. ನನಗೆ ಸಿಕ್ಕವನು ಕೆಳಗಿನ ತರಗತಿಯ ಒಬ್ಬ ಜಾಣ. ಕೊನೆಯ ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅವನು ಹೆಮ್ಮೆಯಿಂದ ಹೇಳಿದ, "ಶರಣು ಅಣ್ಣಾ, ನೀವ್ ಹೇಳಿದ್ದು ಭಾಳ ಸಣ್ಣದಾಗ್ತಿತ್ತು. ನಾ ನನ್ನ ಬುದ್ಧಿಲಿಂದ ಉದ್ದ ಮಾಡಿ ಬರದೀನಿ. ಕೆಲವೊಂದು ಬದಲೀನೂ ಮಾಡೀನಿ. ಪಾಪ, ನೀವು ಪಾಸ್ ಆಗ್ಬೇಕಲ್ಲ." ಅವನ ಬುದ್ಧಿ ಎಷ್ಟಿತ್ತೆಂಬುದು ಫಲಿತಾಂಶದ ದಿನ ಗೊತ್ತಾಯಿತು. ನಾನು ಹೇಳಿದ್ದ ಉತ್ತರಗಳಿಗೆ ಎಷ್ಟು ಅಂಕ ಬೀಳುತ್ತಿತ್ತೋ, ಅದು ಇವತ್ತಿಗೂ ನನಗೆ ತಿಳಿಯದು.

ಅದಾದ ಮೇಲೆ ಅಪ್ಪ ಯಾರಿಂದಲೋ ಹಳೆಯ ತೂಕದ ಮಷಿನ್ ಒಂದನ್ನು ತಂದು ಮನೆಯ ಮೂಲೆಯಲ್ಲಿಟ್ಟ. ಜನ ಹತ್ತಿ ನಿಂತು ತಮ್ಮ ತೂಕ ನೋಡುವಂಥದ್ದು.

"ನಾ ಇರೂತನಕ ಹ್ಯಾಂಗೋ ನಡೀತದ, ಆಮ್ಯಾಲ?" ಎಂದ ಅಪ್ಪ. "ಟೇಷನ್ ಮುಂದ ಇದನ್ನ ಇಟ್ಕೊಂಡು ಕುಂತ್ರ ಹೊಟ್ಟಿಗಿ ಕಮ್ಮಿ ಆಗಲ್ಲ. ನಿನ್ನ ನೋಡಿ ನಾಕು ಮಂದಿ ಹತ್ತತಾರ."

"ನನ್ನ ನೋಡಿ ಯಾಕ ಹತ್ತಬೇಕಪ್ಪ? ತೂಕ ನೋಡ್ಲಿಕ್ಕ ಹತ್ತಲಿ."

"ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ, ಹಂಗಾತು ನಿಂದು," ಎಂದು ಅಪ್ಪ ನಿಟ್ಟುಸಿರು ಬಿಟ್ಟ. ಅವನ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಮಾತ್ರ ಆ ಮಷಿನ್ನಿನ ಹತ್ತಿರ ಹೋದರೆ ಉಸಿರು ಕಟ್ಟುತ್ತಿತ್ತು. ಅದರ ಪಕ್ಕ ಕೂತು ಜೀವನವಿಡೀ "ಅಯ್ಯೋ ಪಾಪ" ಕೇಳುತ್ತ ಇರುವುದೆಂದರೆ? ಅಮ್ಮ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಇನ್ನೊಂದು ಸಲ ಪರೀಕ್ಷೆಗೆ ಕೂರಬೇಕು, ಪಾಸಾದರೆ ಸರಿ, ಆಗದಿದ್ದರೆ ಟೇಷನ್ ಮುಂದೆ ಮಷಿನ್.

ಸ್ಕ್ರೈಬ್ ಹುಡುಕಲು ಹೊರಟೆ. ನನಗೆ ಅಂಗಿ ಕೊಡುವವರಿದ್ದರು, ಊಟಕ್ಕೆ ಕರೆಯುವವರಿದ್ದರು, ಪ್ಯಾಟಿಯಲ್ಲಿ ಚಹಾ ಕುಡಿಸುವವರಂತೂ ಸಾಲುಸಾಲು. ಬರೆಯುವವರು ಯಾರೂ ಸಿಗಲಿಲ್ಲ. ಕೊಟ್ಟು ಮರೆಯಬಹುದಾದದ್ದನ್ನು ಜನ ಕೂಡಲೇ ಕೊಡುತ್ತಾರೆ. ತಿಂಗಳುಗಟ್ಟಲೆ ಜೊತೆಗೆ ಕೂರುವ ಮಾತು ಬಂದರೆ ಎಲ್ಲರಿಗೂ ಕೆಲಸ ನೆನಪಾಗುತ್ತಿತ್ತು. ಅವರನ್ನು ದೂರುವ ಹಾಗೂ ಇರಲಿಲ್ಲ. ನನ್ನ ಫೇಲು ತಮ್ಮ ಕೊರಳಿಗೆ ಬರುತ್ತದೆಂಬ ಭಯವೂ ಅವರಿಗಿತ್ತು.

ರಜಿಯಾ ಆಪಾ ನಮ್ಮ ಓಣಿಯ ದರ್ಜಿ. ನನಗಿಂತ ಬಹಳ ದೊಡ್ಡವಳು, ಆಪಾ ಎಂದರೆ ಅಕ್ಕ. ಹತ್ತನೆಯ ಪರೀಕ್ಷೆಯ ಹಾಲ್ ಟಿಕೆಟ್ ಬಂದ ಹೊತ್ತಿಗೇ ಅವಳಿಗೆ ನಿಕಾಹ್ ಗೊತ್ತಾಗಿತ್ತಂತೆ. ಪರೀಕ್ಷೆ ತಪ್ಪಿತು, ಮದುವೆಯೂ ಬಹಳ ಕಾಲ ಬಾಳಲಿಲ್ಲ. ತವರಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಕೂತಿದ್ದಳು. ದೀಪಾವಳಿಯ ಆಚೀಚೆ ಹರಿದ ಅಂಗಿ ಹೊಲಿಸಲು ಹೋದಾಗ ಫೇಲಾದ ಕಥೆಯನ್ನು ಅವಳಿಗೂ ಹೇಳಿದೆ. ಎಲ್ಲರಿಗೂ ಹೇಳುತ್ತಿದ್ದೆ, ಅದೊಂದು ಚಟವಾಗಿತ್ತು. ಮಷಿನ್ ನಿಂತಿತು.

"ನಾ ಬರದ್ರ ನಡೀತದೇನು?" ಎಂದಳು. "ಕಮ್ಮಿ ಓದಿದವ್ರೇ ಬೇಕಂತಿ. ನಾ ಒಂಬತ್ತು ಪಾಸು. ನನಗಿಂತ ಕಮ್ಮಿ ಯಾರು ಸಿಗ್ತಾರ ನಿನಗ?"

ನನಗೆ ಸಂತೋಷಕ್ಕಿಂತ ಮೊದಲು ಸಂಶಯ ಬಂತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದುತ್ತಾನಲ್ಲ. "ಯಾಕ ಆಪಾ? ಸವಾಬ್ ಸಲುವಾಗಿ ಏನು?" ಎಂದು ಕೇಳಿಯೇಬಿಟ್ಟೆ. ನಾವು ಪುಣ್ಯ ಎನ್ನುವುದನ್ನು ಅವರಲ್ಲಿ ಸವಾಬ್ ಎನ್ನುತ್ತಾರೆ.

"ಸವಾಬ್ ಬೇಕಾದ್ರ ಬ್ಯಾರೆ ದಾರಿ ಭಾಳ ಅವ," ಎಂದು ನಕ್ಕಳು. "ಇದು ನನ್ನ ಸಲುವಾಗಿ. ಪರೀಕ್ಷಾ ಹಾಲ್ ಒಳಗ ಹ್ಯಾಂಗಿರ್ತದ, ಪ್ರಶ್ನಿಪತ್ರಿಕಾ ಕೈಯಾಗ ಬಂದ್ರ ಎದಿ ಹ್ಯಾಂಗ ಬಡಕೋತದ, ಒಮ್ಮಿ ನೋಡ್ಬೇಕಂತ ಆಸೆ ಅದ. ನಿನ್ನ ನೆವದಾಗ ನನ್ನ ಕೆಲಸ ಆಗ್ತದ. ನೀ ನನಗ ಉಪಕಾರ ಮಾಡು."

ಉಪಕಾರ ಮಾಡು ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮನೆಗೆ ಬರುವಾಗ ಹೊಲಿಸಿದ ಅಂಗಿಯನ್ನು ಅವಳ ಅಂಗಡಿಯಲ್ಲೇ ಮರೆತು ಬಂದಿದ್ದೆ.

ಆ ಚಳಿಗಾಲ ನನ್ನ ಬದುಕಿನ ಅತ್ಯಂತ ಒಳ್ಳೆಯ ಕಾಲ. ಕಾಲೇಜಿನಿಂದ ಬಂದವನೇ ಅವಳ ಅಂಗಡಿಗೆ ಹೋಗುತ್ತಿದ್ದೆ. ಅವಳು ಬಾಗಿಲು ಪೂರ್ತಿ ತೆರೆದಿಟ್ಟು, ಪುಸ್ತಕವನ್ನು ಮಷಿನ್ನಿನ ಹಲಗೆಗೆ ಆನಿಸಿಕೊಂಡು, ತುಳಿಯುತ್ತ ಓದುತ್ತಿದ್ದಳು. ನೇರ ಹೊಲಿಗೆ ಇದ್ದಾಗ ಇತಿಹಾಸ ಸಲೀಸಾಗಿ ಓಡುತ್ತಿತ್ತು. ಕಾಲರು, ಗುಂಡಿಮನೆ ಬಂದರೆ ರಾಜರು ನಡುದಾರಿಯಲ್ಲಿ ನಿಂತುಬಿಡುತ್ತಿದ್ದರು. ದಾರ ಕಡಿದರೆ ಯುದ್ಧವೂ ನಿಲ್ಲುತ್ತಿತ್ತು. ಹೊಲಗಳಲ್ಲಿ ತೊಗರಿ ರಾಶಿ ನಡೆದಿದ್ದ ದಿನಗಳವು, ಓಣಿಯ ತುಂಬ ಒಣ ಹೊಟ್ಟಿನ ವಾಸನೆ. ಓದು ಮುಗಿದ ಮೇಲೆ ನಾನು ಹೇಳಬೇಕು, ಅವಳು ಬರೆಯಬೇಕು, ಬರೆದದ್ದನ್ನು ತಿರುಗಿ ಓದಿ ತೋರಿಸಬೇಕು. ಮೊದಮೊದಲು ಅವಳ ಕೈ ಬಹಳ ನಿಧಾನವಿತ್ತು. ಸಂಕ್ರಾಂತಿಯ ಹೊತ್ತಿಗೆ ನನ್ನ ಬಾಯಿಯೇ ಹಿಂದೆ ಬಿತ್ತು.

ನಡೆಯುವಾಗ ಅವಳು ನನ್ನನ್ನು ಹಿಡಿಯುತ್ತಿರಲಿಲ್ಲ. ತನ್ನ ಮೊಣಕೈಯನ್ನು ನನ್ನ ಕೈಗೆ ತಾಗಿಸಿ ಸುಮ್ಮನಿರುತ್ತಿದ್ದಳು. ಬೇಕಿದ್ದರೆ ಹಿಡಿಯಬಹುದು, ಬೇಡವಾದರೆ ಬಿಡಬಹುದು. ಇದನ್ನು ಯಾರು ಕಲಿಸಿದರೆಂದು ಕೇಳಿದರೆ, "ಕಲಿಸೋದೇನದ ಇದರಾಗ? ನನ್ನ ಕೈ ಹಿಡದು ಎಳದ್ರ ನನಗ ಸೇರಂಗಿಲ್ಲ," ಎಂದಿದ್ದಳು.

ಪರೀಕ್ಷೆ ಬೇಸಿಗೆಯ ಬಾಯಲ್ಲಿ ಬಂತು, ರಂಜಾನ್ ಕೂಡ ಜೊತೆಗೇ ಬಂತು. ರೋಜಾ ಹಿಡಿದು, ಒಂದು ಗುಟುಕು ನೀರಿಲ್ಲದೆ, ಆ ಸೆಕೆಯಲ್ಲಿ ಮೂರು ತಾಸು ಓದುವುದು ಬರೆಯುವುದು ಹೇಗೆಂದು ಅಮ್ಮ ಅವಳನ್ನು ಕೇಳಿದಳು. "ನಿಮ್ಮ ಮಗ ಜಲ್ದಿ ಜಲ್ದಿ ಹೇಳಿದ್ರ ಆತು, ಚಾಚಿ," ಎಂದಳು. ಮೊದಲನೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅವಳು ಕೂಡಲೇ ಓದಲಿಲ್ಲ. ಕಾಗದದ ಮೇಲೆ ಅಂಗೈ ಸವರಿದ ಸದ್ದು ಕೇಳಿಸಿತು. "ಒಂದ್ ನಿಮಿಷ ನಿಂದ್ರು, ಶರಣು," ಎಂದಳು. ನಾನು ಕಾದೆ.

ಇತಿಹಾಸದ ಪರೀಕ್ಷೆಯ ಮುಂಜಾನೆ ಅಪ್ಪ ಖಣಿಗೆ ಹೋಗುವ ದಾರಿಯಲ್ಲಿ ನನ್ನನ್ನು ಸ್ಟೇಷನ್ನಿನಲ್ಲಿ ಇಳಿಸಿದ. ಆಪಾ ಬರುವವರೆಗೆ ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ನಿಲ್ಲಬೇಕೆಂದು ಮಾತಾಗಿತ್ತು. ನಿಂತೆ. ಮುಂಗೈ ಮೇಲೆ ಒಂದು ಕೈ ಬಿತ್ತು, ಕಳ್ಳನನ್ನು ಹಿಡಿಯುವ ಜಾತಿಯದು.

"ಎಲ್ಲಿಗಿ ಹೋಗ್ಬೇಕು ತಮ್ಮಾ?"

"ಚಿತ್ತಾಪುರಕ್ಕ. ನಮ್ಮ ಆಪಾ ಬರ್ತಾಳ, ನಾ ಇಲ್ಲೇ ನಿಂದರ್ತೀನ್ರಿ."

"ಏ, ಗಾಡಿ ಬಂದು ನಿಂತದ, ಬಾ ಬಾ!"

ನಾನು ಬೇಡವೆನ್ನುವಷ್ಟರಲ್ಲಿ ಡಬ್ಬಿಯೊಳಗಿದ್ದೆ. "ಏಳ್ರೀ, ಕಣ್ಣಿಲ್ದವ ಬಂದಾನ," ಎಂದು ಅವನು ಯಾರನ್ನೋ ಎಬ್ಬಿಸಿ, ನನ್ನ ಹೆಗಲು ಅದುಮಿ ಕೂರಿಸಿ, ಇಳಿದೂ ಹೋದ. ಗಾಡಿ ಹೊರಟಿತು. ಪಕ್ಕದವರು ಎಲ್ಲಿಗೆಂದು ಕೇಳಿದರು, ಹೇಳಿದೆ. "ಅಯ್ಯ, ಇದು ಕಲಬುರ್ಗಿ ಕಡಿ ಹೊಂಟದಲ್ಲ! ಚಿತ್ತಾಪುರದ್ದು ಇನ್ನಾ ಬರಬೇಕು," ಎಂದರು.

ಕಿವಿಯಲ್ಲಿ ತೂಕದ ಮಷಿನ್ನಿನ ಕಿರ್ರ್ ಎಂಬ ಸದ್ದು ಬಂತು, ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಎಲ್ಲಿದ್ದಿ?" ಆಪಾ.

ಹೇಳಿದೆ. ಅವಳು ಕೂಡಲೇ ಹೇಳಿದಳು, "ಶಹಾಬಾದ್‌ದಾಗ ಇಳಿ. ಇಳದು ಒಂದು ಕಂಬ ಹಿಡಕೊಂಡು ನಿಂದ್ರು. ನಾ ಆಟೋ ತಗೊಂಡು ಬರ್ತೀನಿ. ಅಲ್ಲಿತನಕ ಯಾರ ಕೈಯಾಗೂ ಸಿಗಬ್ಯಾಡ!"

ಶಹಾಬಾದಿನಲ್ಲಿ ಇಳಿದು ಕಂಬವನ್ನು ತಬ್ಬಿಕೊಂಡು ನಿಂತೆ. ಪುಣ್ಯಾತ್ಮರು ಅಲ್ಲೂ ಬಂದರು. ಒಬ್ಬರು ಹೊರಗೆ ಬಿಡುತ್ತೇನೆಂದರು, ಇನ್ನೊಬ್ಬರು ತಿರುಗಿ ಗಾಡಿ ಹತ್ತಿಸುತ್ತೇನೆಂದರು. ಎಲ್ಲರಿಗೂ ಬೇಡವೆಂದೆ, ಕಂಬ ಬಿಡಲಿಲ್ಲ. ಆಟೋ ಬಂದಾಗ ಆಪಾ ಒಣ ಬಾಯಲ್ಲಿ ಏದುಸಿರು ಬಿಡುತ್ತಿದ್ದಳು. ಅಲ್ಲಿಂದ ವಾಡಿಯ ಮೇಲೆ ಹಾದು ಚಿತ್ತಾಪುರದ ತನಕ ಆಟೋ ಕಲ್ಲಿನ ಲಾರಿಗಳ ನಡುವೆ ನುಸುಳುತ್ತ ಓಡಿತು. ದಾರಿಯುದ್ದಕ್ಕೂ ನಾನು ಬೈದೆ. ಸಹಾಯ ಮಾಡುವವರನ್ನೆಲ್ಲ ಹಿಡಿದು ಜೇಲಿಗೆ ಹಾಕಬೇಕು, ಅವರಿಗೆ ನನ್ನ ಮೇಲೆ ಕರುಣೆಯೂ ಇಲ್ಲ ಮಣ್ಣೂ ಇಲ್ಲ, ನನ್ನ ಮಾತು ಕೇಳುವಷ್ಟು ಪುರುಸೊತ್ತಿಲ್ಲದವರು ಎಂದೆಲ್ಲ ಕೂಗಾಡಿದೆ.

"ಸಾಕು ಸಾಕು, ಶಾಪ ಹಾಕಬ್ಯಾಡ," ಎಂದಳು ಆಪಾ. "ಆ ಮನಶ್ಯಾ ಇವತ್ತು ಉಣ್ಣೂ ಮುಂದ ಹೆಂಡ್ತಿಗಿ ಹೇಳ್ತಾನ, ಒಬ್ಬ ಕಣ್ಣಿಲ್ದ ಹುಡುಗನ್ನ ಗಾಡಿ ಹತ್ತಿಸಿ ಕಳಸಿದೆ ಅಂತ. ಅವನಿಗಿ ದಿನಾಲೂ ಯಾರು ಭೇಷ್ ಅಂತಾರ ಹೇಳು? ಕೆಲಸದಾಗ ಬೈಸ್ಕೊಂಡಿರ್ತಾನ, ಮನ್ಯಾಗೂ ಬೈಸ್ಕೊಂಡಿರ್ತಾನ. ತನಗ ತಾನೇ ಭೇಷ್ ಅನ್ಕೊಳ್ಳಲಿಕ್ಕ ಒಂದು ಕೆಲಸ ಸಿಕ್ತು, ಮಾಡ್ದ."

"ಅದಕ್ಕ ನನ್ನ ಪರೀಕ್ಷಾನೇ ಬೇಕಿತ್ತೇನು ಅವನಿಗಿ?"

ಅವಳು ನಕ್ಕಳು, ಆಟೋದವನೂ ನಕ್ಕ. ನನಗೆ ನಗು ಬರಲಿಲ್ಲ.

ಗಂಟೆ ಹೊಡೆಯುವ ಮೊದಲೇ ಮುಟ್ಟಿದೆವು. ನಮ್ಮಿಬ್ಬರಿಗೆ ಬೇರೆ ಕೋಣೆ, ಒಬ್ಬರು ಮೇಲ್ವಿಚಾರಕರು. ಆಪಾ ಮೆಲುದನಿಯಲ್ಲಿ ಓದಿದಳು, "ರಾಷ್ಟ್ರಕೂಟ ವಂಶದ ಸ್ಥಾಪಕ ಯಾರು?"

ನಮ್ಮ ಕಡೆಯವರಿಗೆ ರಾಷ್ಟ್ರಕೂಟರೆಂದರೆ ಒಬ್ಬನೇ. ಅವನ ರಾಜಧಾನಿ ಮಳಖೇಡ ಇರುವುದು ನಮ್ಮ ಪಕ್ಕದ ಸೇಡಂ ತಾಲ್ಲೂಕಿನಲ್ಲಿ, ನಮ್ಮ ಕಾಗಿಣಾ ದಂಡೆಯ ಮೇಲೆ. ಅವನ ಹೆಸರು ನಮಗೆ ಸೋದರಮಾವನ ಹೆಸರಿನಷ್ಟು ಸಲೀಸು. ನಾನು ಎದೆ ಉಬ್ಬಿಸಿ ಹೇಳಿದೆ, "ಅಮೋಘವರ್ಷ ನೃಪತುಂಗ."

ಪೆನ್ನು ಓಡಲಿಲ್ಲ.

"ಬರೀಲೇನು?" ಎಂದಳು.

"ಬರೀರಿ ಆಪಾ."

ಬರೆದಳು. ಮುಂದಿನ ಪ್ರಶ್ನೆ ಓದಿದಳು.

ಮುಗಿಸಿ ಹೊರಗೆ ಬಂದ ಮೇಲೆ ಬೇವಿನ ಗಿಡದ ನೆರಳಲ್ಲಿ ನನ್ನನ್ನು ನಿಲ್ಲಿಸಿ ಹೇಳಿದಳು, "ಶರಣು, ಸಿಟ್ಟಾಗಬ್ಯಾಡ. ಸ್ಥಾಪಕ ದಂತಿದುರ್ಗ. ನಾವು ಎಷ್ಟು ಸಲ ಓದೀವಿ."

"ಗೊತ್ತಿದ್ದೂ ಬರದ್ರಿ?"

"ನೀ ಹೇಳಿದ್ದು ಬರದೆ."

"ಒಂದು ಮಾತು ಬದಲಿ ಮಾಡಿದ್ರ ಏನಾಗ್ತಿತ್ತು? ಯಾರು ನೋಡ್ತಿದ್ರು? ಒಂದೊಂದು ಅಂಕಕ್ಕ ನನ್ನ ಜೀವ ಹೋಗ್ಲಿಕತ್ತದ, ಆ ಮಷಿನ್ ಮನ್ಯಾಗ ಕುಂತದ!"

ಅದಕ್ಕೆ ಅವಳು ಹೇಳಿದ ಮಾತನ್ನು ನಾನು ಇವತ್ತಿಗೂ ಅವಳ ದನಿಯಲ್ಲೇ ಕೇಳಬಲ್ಲೆ. "ಕೈ ದಂತಿದುರ್ಗ ಬರೀಲಿಕ್ಕ ಹೊಂಟಿತ್ತು. ತಡೀಲಿಕ್ಕ ಭಾಳ ತ್ರಾಸ ಆತು ನನಗ. ಆದ್ರ ಹೋದ ವರ್ಷ ಆ ಹುಡುಗ ನಿನ್ನ ಕೈ ಹಿಡದು ತನಗ ತಿಳದ ಕಡಿ ಎಳಕೊಂಡು ಹೋದ. ಇವತ್ತು ಮುಂಜಾನಿ ಆ ಮನಶ್ಯಾನೂ ಹಂಗೇ ಮಾಡ್ದ. ನಾನೂ ಹಂಗೇ ಮಾಡ್ಲೇನು? ಪರೀಕ್ಷಾ ನಿಂದು, ಶರಣು. ತಪ್ಪೂ ನಿಂದೇ."

ನನ್ನ ಸಿಟ್ಟು ಅಷ್ಟು ಬೇಗ ಇಳಿಯುವಂಥದ್ದಲ್ಲ. ಅವಳ ಮೊಣಕೈ ಬಿಟ್ಟು ದುಮುದುಮು ನಡೆದೆ, ನಿಲ್ಲಿಸಿಟ್ಟ ಸೈಕಲ್ಲಿಗೆ ಡಿಕ್ಕಿ ಹೊಡೆದೆ. ಬೇರೆ ಯಾರಾದರೂ ಆಗಿದ್ದರೆ ಓಡಿ ಬಂದು ಎತ್ತಿಕೊಳ್ಳುತ್ತಿದ್ದರು. ಅವಳು ಹತ್ತಿರ ಬಂದು ನಿಂತಳು, ಅಷ್ಟೆ. ನಾನು ಮೊಣಕಾಲು ತಿಕ್ಕಿಕೊಂಡು, ಸೈಕಲ್ ಎತ್ತಿ ನಿಲ್ಲಿಸಿದೆ. ಮೊಣಕೈ ಬಂದು ನನ್ನ ಕೈಗೆ ತಾಗಿತು. ಸ್ವಲ್ಪ ಹೊತ್ತು ಬಿಟ್ಟು ಹಿಡಿದೆ.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ದಂತಿದುರ್ಗನನ್ನು ನಾನು ನೆನೆದಷ್ಟು ಅವನ ಮಕ್ಕಳು ಮರಿಗಳೂ ನೆನೆದಿರಲಿಕ್ಕಿಲ್ಲ. ಪಾಸಾದೆ. ಇತಿಹಾಸದಲ್ಲೂ ಪಾಸಾದೆ, ಒಂದು ಅಂಕ ಅಮೋಘವರ್ಷನಿಗೆ ಕಾಣಿಕೆ ಹೋದರೂ. ಅಪ್ಪ ತೂಕದ ಮಷಿನ್ನನ್ನು ಅಂಗಳಕ್ಕೆ ಎಳೆದು ತಂದು, "ಹತ್ತು, ಪಿಯುಸಿ ಪಾಸಾದವನ ತೂಕ ಎಷ್ಟದ ನೋಡೋಣು," ಎಂದ. ಅವನು ಅಳುತ್ತಿದ್ದ, ಮೂಗು ಎಳೆಯುವ ಸದ್ದು ಕೇಳುತ್ತಿತ್ತು. ಹತ್ತಿ ನಿಂತೆ. ಓಣಿಯ ಹೆಂಗಸರೆಲ್ಲ ಅವತ್ತು ಪುಕ್ಕಟೆ ತೂಕ ನೋಡಿಕೊಂಡರು. ಬಂದ ಅಂಕಗಳೆಲ್ಲ ನನ್ನವೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆನಾದರೆ ಅದು ಆ ಬಾರದ ಒಂದು ಅಂಕದಿಂದ. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಹೊಳೆದ ದಿನ ಆಪಾಳ ಅಂಗಡಿಗೆ ಹೋಗಿ ಏನೋ ಹೇಳಬೇಕೆಂದುಕೊಂಡೆ, ಗುಂಡಿ ಹಚ್ಚಿಸಿಕೊಂಡು ಬಂದೆ.

ಈಗ ನಾನು ಸೇಡಂನಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ. ಕಂಪ್ಯೂಟರ್ ಓದಿ ಹೇಳುತ್ತದೆ, ನಾನು ಕೀಲಿ ಒತ್ತುತ್ತೇನೆ. ಹೋದ ವರ್ಷ ಆಪಾ ಫೋನ್ ಮಾಡಿ, ಹತ್ತನೆಯದನ್ನು ಮನೆಯಿಂದಲೇ ಕಟ್ಟುತ್ತೇನೆಂದಳು. ಆದರೆ ಕಣ್ಣು ಹೊಲಿಗೆಯ ಮೇಲೆ, ಓದುವುದು ಯಾವಾಗ? ಪಾಠಗಳನ್ನೆಲ್ಲ ಕಂಪ್ಯೂಟರಿನಿಂದ ಕೇಳಿಸಿಕೊಂಡು, ನನ್ನ ದನಿಯಲ್ಲಿ ಫೋನಿಗೆ ತುಂಬಿ ಕಳಿಸುತ್ತ ಬಂದೆ. ಅವಳು ಮಷಿನ್ ತುಳಿಯುತ್ತ ಕೇಳಿದಳು. ಪರೀಕ್ಷೆಗೆ ಚಿತ್ತಾಪುರಕ್ಕೆ ಬರುತ್ತೇನೆಂದಾಗ ಗದರಿಸಿದಳು, "ರಜಾ ಹಾಕಿ ಬಂದು ನೀ ಏನ್ ಮಾಡ್ತಿ? ನನಗೇನು ಕಣ್ಣಿಲ್ಲೇನು?"

"ನಿಮ್ಮ ಸಲುವಾಗಿ ಯಾರು ಬರ್ಲಿಕತ್ತಾರ? ನನ್ನ ಸಲುವಾಗಿ ಬರ್ತೀನಿ," ಎಂದೆ.

ಹೀಗೆ ಮೊನ್ನೆ ಆ ಗೇಟಿನ ಹತ್ತಿರ 'ಇಲ್ಲೇ ನಿಂದರ್ತೀನಿ' ಎಂದು ಅವಳಿಗೆ ಮಾತು ಕೊಟ್ಟು ನಿಂತಿದ್ದೆ. ದರ್ಜಿಯ ಮಷಿನ್ ಓಡುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಮುಂಗೈ ಮೇಲೆ ಒಂದು ಕೈ ಬಿತ್ತು. ಒರಟು ಕೈ, ಸಿಮೆಂಟ್ ಹತ್ತಿ ಒಣಗಿದ ಕೈ.

"ಆಗಳಿಂದ ನೋಡ್ಲಿಕತ್ತೀನಿ, ಯಾರೂ ದಾಟಸವಲ್ರಲ್ಲ ನಿನಗ," ಎಂದಿತು ದಣಿದ ಗಂಡು ದನಿ. "ಬಾಪಾ, ನಾ ದಾಟಸ್ತೀನಿ."

ಬೇಡವೆನ್ನಲು ಬಾಯಿ ತೆರೆದೆ. ಭೇಷ್ ಎನ್ನಿಸಿಕೊಳ್ಳದವನ ಬಗ್ಗೆ ಆಟೋದಲ್ಲಿ ಆಪಾ ಹೇಳಿದ್ದು ನೆನಪಾಯಿತು. ಬಾಯಿ ಮುಚ್ಚಿಕೊಂಡು ಅವನ ಜೊತೆ ನಡೆದೆ. ಅವನು ಲಾರಿಗೆ ಕೈ ಅಡ್ಡ ಮಾಡಿ, ಮೋಟರ್‌ಸೈಕಲ್ಲಿನವನಿಗೆ ಬೈದು, ನನ್ನನ್ನು ಆಚೆ ದಡ ಮುಟ್ಟಿಸಿದ.

"ಭಾಳ ಉಪಕಾರ ಆತ್ರಿ," ಎಂದೆ.

"ಇದರಾಗ ಉಪಕಾರೇನ್ ಬಂತು ಬಿಡು," ಎಂದ. ಹೋಗುವಾಗ ಏನೋ ಗುನುಗುತ್ತಿದ್ದ, ದೂರದವರೆಗೆ ಕೇಳುತ್ತಿತ್ತು.

ಗಂಟೆ ಹೊಡೆಯಿತು. ಗೇಟು ತೆರೆದ ಸದ್ದು, ಮಕ್ಕಳ ಗದ್ದಲ. ಅದರ ನಡುವಿನಿಂದ ಆಪಾ ಕೂಗಿದಳು. ರಸ್ತೆ ದಾಟಿ ಬಂದಳು, ಮೊಣಕೈ ನನ್ನ ಕೈಗೆ ತಾಗಿತು.

"ಹ್ಯಾಂಗಾತು ಆಪಾ?"

"ಒಂದು ತಪ್ಪು ಬರದೀನಿ," ಎಂದಳು. ಇಷ್ಟು ಜಂಬದಿಂದ ಯಾರೂ ತಪ್ಪಿನ ಸುದ್ದಿ ಹೇಳಿದ್ದನ್ನು ನಾನು ಕೇಳಿಲ್ಲ. "ಪೂರಾ ನಂದೇ ತಪ್ಪು." ಆಮೇಲೆ ನನ್ನ ಕಡೆ ತಿರುಗಿದಳು. "ಅದಿರ್ಲಿ, ಗೇಟಿನ ಹತ್ರ ನಿಂದರ್ತೀನಿ ಅಂದವ ಈ ಕಡಿ ಯಾಕ ಬಂದಿ?"

"ಒಬ್ಬರಿಗಿ ರಸ್ತಾ ದಾಟಸ್ಬೇಕಾಗಿತ್ತು, ಆಪಾ," ಎಂದೆ.